ವಿಜರ್ಡ್ರಿಯ ಆರು ಮಂದಿ: ತಂಡದ ಆಟಗಳ ವಂಶಾವಳಿಯನ್ನು ಕುರಿತು ಒಂದು ವಿವೇಚನೆ

ಆಟಗಳ ಇತಿಹಾಸವು ನಮ್ಮ ವಿದ್ಯಾಶಾಲೆಗಳಲ್ಲಿ ಇನ್ನೂ ಇತಿಹಾಸವೆನಿಸಿಕೊಂಡಿಲ್ಲ. ರಾಜ್ಯಗಳ ಏಳುಬೀಳು, ಭೂಕಂದಾಯ, ದೇವಾಲಯಗಳ ವಾಸ್ತು ಇವುಗಳ ನಡುವೆ, ಜನರು ಬಿಡುವಿನಲ್ಲಿ ಏನನ್ನು ಆಡುತ್ತಿದ್ದರೆಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಒಂದು ಸಾಲು ದೊರೆತರೆ ಅದೇ ಹೆಚ್ಚು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೂ ದಾಳದ ಆಟಗಳಿಗೂ ತಕ್ಕ ಸ್ಥಳವಿದೆ. ಆ ದೊರೆಗಿದ್ದ ಔದಾರ್ಯ ಇಂದಿನ ಇತಿಹಾಸಕಾರರಾದ ನಮಗೆ ಇಲ್ಲದಿರುವುದು ಸೋಜಿಗವೇ ಸರಿ.

ಪ್ರಕೃತ ಲೇಖನದ ವಿಷಯ ಗಣಕಯಂತ್ರದಲ್ಲಿ ಆಡುವ ಒಂದು ಜಾತಿಯ ಆಟ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಬಲ್ಲರು. ಅಧ್ಯಾಪಕರಲ್ಲಿ ಬಹುಮಂದಿ ಅರಿಯರು. ಆದಕಾರಣ ಅದರ ಲಕ್ಷಣವನ್ನು ಮೊದಲು ಹೇಳುವುದು ಯುಕ್ತ. ಆಟಗಾರನು ಒಬ್ಬನೇ. ಆತನ ಆಜ್ಞೆಗೆ ಒಳಪಟ್ಟವರು ನಾಲ್ಕಾರು ಮಂದಿ ಕಾಲ್ಪನಿಕ ಸಾಹಸಿಗರು: ಕತ್ತಿ ಹಿಡಿದವನೊಬ್ಬ, ಮಂತ್ರ ಬಲ್ಲವನೊಬ್ಬ, ಗಾಯ ಮಾಯಿಸುವ ಅರ್ಚಕನೊಬ್ಬ, ಪೆಟ್ಟಿಗೆಯ ಬೀಗ ತೆಗೆಯುವ ಕಳ್ಳನೊಬ್ಬ. ಈ ತಂಡವು ನೆಲದಡಿಯ ಸುರಂಗಗಳಲ್ಲಿ ಸಂಚರಿಸುತ್ತದೆ. ಎದುರಾದ ಭೂತ ರಾಕ್ಷಸರೊಡನೆ ಹೋರಾಡುತ್ತದೆ. ಹೋರಾಟವು ಸರದಿಯ ಕ್ರಮದಲ್ಲಿ ನಡೆಯುತ್ತದೆ. ಎಂದರೆ, ಆಟಗಾರನು ಯೋಚಿಸಿ ಆಜ್ಞೆ ಕೊಡುವವರೆಗೂ ಕಾಲವು ನಿಂತಿರುತ್ತದೆ. ಈ ಜಾತಿಯ ಆಟಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು ೧೯೮೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಗ್ಡೆನ್ಸ್‌ಬರ್ಗ್ ಎಂಬ ಊರಿನಿಂದ ಹೊರಟ ‘ವಿಜರ್ಡ್ರಿ’. ಕಾರ್ನೆಲ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್, ಅದನ್ನು ರಚಿಸಿದರು. ಸರ್‌ಟೆಕ್ ಎಂಬ ಸಂಸ್ಥೆ ಅದನ್ನು ಆ್ಯಪಲ್ ೨ ಎಂಬ ಮನೆಬಳಕೆಯ ಗಣಕಯಂತ್ರಕ್ಕಾಗಿ ಪ್ರಕಟಿಸಿತು.

ತಂಡದ ಆಟವೆಂಬುದು ಈ ಇಬ್ಬರು ತರುಣರ ತಲೆಯಿಂದ ಒಮ್ಮೆಗೇ ಹುಟ್ಟಿತೆಂಬ ಅಭಿಪ್ರಾಯ ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ವಿಜರ್ಡ್ರಿಯು ಹಿಂದಿನ ಆಟಗಳ ನಕಲಷ್ಟೇ ಎಂದು ವಾದಿಸುವವರೂ ಉಂಟು. ಈ ಎರಡು ಮತಗಳೂ ನಮಗೆ ಸಮ್ಮತವಲ್ಲ. ಅಲ್ಲಿ ನಡೆದದ್ದು ಒಂದು ನಿರ್ದಿಷ್ಟವಾದ ಪಲ್ಲಟ: ಆರು ಜನ ಕುಳಿತು ಆಡುತ್ತಿದ್ದ ಆಟದ ಆರೂ ಪೀಠಗಳನ್ನು ಒಬ್ಬನಿಗೇ ಬಿಟ್ಟುಕೊಟ್ಟದ್ದು. ಈ ಪಲ್ಲಟದ ಸ್ವರೂಪವನ್ನು ತಿಳಿಯಲು ವಂಶಾವಳಿಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ.

ವಂಶದ ಮೂಲಪುರುಷ ಚದುರಂಗವೆಂದರೆ ನಮ್ಮ ಓದುಗರಿಗೆ ಹಿತವಾಗಬಹುದು. ಅದರಲ್ಲಿ ಸತ್ಯಾಂಶವೂ ಇದೆ. ಭಾರತದಲ್ಲಿ ಹುಟ್ಟಿ ಪಾರಸಿಕರ, ಅರಬ್ಬರ ಮೂಲಕ ಯೂರೋಪನ್ನು ಸೇರಿದ ಚದುರಂಗವನ್ನು ೧೭೮೦ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಹೆಲ್ವಿಗ್ ಎಂಬ ಅಧ್ಯಾಪಕನು ಹಿಗ್ಗಿಸಿ, ಮಣೆಯ ಮೇಲೆ ಬೆಟ್ಟ, ಹೊಳೆ, ಊರುಗಳನ್ನಿಟ್ಟು ಯುದ್ಧದ ಆಟವನ್ನಾಗಿ ಮಾಡಿದನು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ ೧೮೨೪ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಮಣೆಯ ಬದಲು ನಕ್ಷೆ ಬಂದಿತು, ದಾಳಗಳು ಬಂದವು, ಎರಡು ಪಕ್ಷಗಳ ನಡುವೆ ಕುಳಿತು ಫಲಾಫಲಗಳನ್ನು ಹೇಳುವ ಮಧ್ಯಸ್ಥನು ಬಂದನು. ಈ ಮಧ್ಯಸ್ಥನನ್ನು ಓದುಗರು ನೆನಪಿನಲ್ಲಿಡಬೇಕು. ಎಚ್. ಜಿ. ವೆಲ್ಸ್ ೧೯೧೩ರಲ್ಲಿ ತವರದ ಸಿಪಾಯಿಗಳ ಆಟಕ್ಕೆ ನಿಯಮ ಬರೆದು ಇದನ್ನು ಮನೆಯ ನಡುಮನೆಗೆ ತಂದನು. ಇಷ್ಟರಿಂದಲೇ ಇಂದಿನ ಆಟಗಳೆಲ್ಲವೂ ನಮ್ಮವೆಂದು ಎದೆ ತಟ್ಟಿಕೊಳ್ಳುವುದು ಬೇಡ. ಮುತ್ತಜ್ಜನ ಹೆಸರು ತಿಳಿದ ಮಾತ್ರಕ್ಕೆ ಮರಿಮಗನ ಸಂಪಾದನೆಯಲ್ಲಿ ಪಾಲು ಬರುವುದಿಲ್ಲ.

ಈ ಎಲ್ಲ ಆಟಗಳಲ್ಲಿಯೂ ಆಟಗಾರನು ಸೇನಾಪತಿ. ಒಂದೊಂದು ಕಾಯಿಯೂ ಹಲವು ಯೋಧರ ಸಂಕೇತ. ೧೯೭೧ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಪ್ರಕಟಿಸಿದ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದ ನಿಯಮಾವಳಿಯಲ್ಲಿಯೂ ಸಾಮಾನ್ಯವಾಗಿ ಒಂದು ಗೊಂಬೆ ಇಪ್ಪತ್ತು ಜನರಿಗೆ ಸಮ. ಆದರೆ ಅದೇ ಪುಸ್ತಿಕೆಯಲ್ಲಿ ಒಬ್ಬನೆದುರು ಒಬ್ಬನು ಹೋರಾಡುವ ನಿಯಮಗಳೂ, ಮಾಂತ್ರಿಕರು ಮತ್ತು ಡ್ರ್ಯಾಗನ್‌ಗಳನ್ನೊಳಗೊಂಡ ಅನುಬಂಧವೂ ಇದ್ದವು. ಮಿನ್ನೆಸೋಟದ ಡೇವ್ ಆರ್ನೆಸನ್ ತನ್ನ ಗೆಳೆಯರೊಡನೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬನೇ ಸಾಹಸಿಗನೆಂಬ ಕ್ರಮದಲ್ಲಿ ಆಡಿಸುತ್ತಿದ್ದನು. ಇವೆರಡರ ಸಂಗಮದಿಂದ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. ಸೇನೆಯು ಕರಗಿ ವ್ಯಕ್ತಿ ಉಳಿದನು. ಮೇಜಿನ ಸುತ್ತ ಆರು ಜನ ಕುಳಿತರೆ ಸುರಂಗದೊಳಗೂ ಆರು ಜನ. ಯೋಧ, ಮಾಂತ್ರಿಕ, ಅರ್ಚಕ ಎಂಬ ಮೂರು ವೃತ್ತಿಗಳು ಮೊದಲಿಗೆ ಇದ್ದವು. ಕಳ್ಳನು ೧೯೭೫ರ ಅನುಬಂಧದಲ್ಲಿ ಸೇರಿಕೊಂಡನು. ಪ್ರಷ್ಯದ ಮಧ್ಯಸ್ಥನೇ ಇಲ್ಲಿ ಕಥೆ ನಡೆಸುವ ಸೂತ್ರಧಾರನಾದನು.

ಇಲ್ಲಿ ಒಂದು ಸಣ್ಣ ಸಂಗತಿ ಗಮನಾರ್ಹವಾಗಿದೆ. ೧೯೭೪ರ ಪುಸ್ತಿಕೆಗಳ ಮೂರನೆಯ ಭಾಗದಲ್ಲಿ ಆಟ ನಡೆಯುವ ರೀತಿಯನ್ನು ತೋರಿಸಲು ಒಂದು ಮಾದರಿ ಸಂಭಾಷಣೆ ಇದೆ. ಅದರಲ್ಲಿ ಮಾತನಾಡುವವರು ಇಬ್ಬರೇ: ಮಧ್ಯಸ್ಥ, ಮತ್ತು ಇಡೀ ತಂಡದ ಪರವಾಗಿ ಮಾತನಾಡುವ ‘ಕಾಲರ್’, ಎಂದರೆ ವಕ್ತಾರ. ತಂಡದವರು ತಮ್ಮೊಳಗೆ ಚರ್ಚಿಸಿ, ವಾದಿಸಿ, ಮುನಿಸಿಕೊಂಡು, ಕೊನೆಗೆ ಒಮ್ಮತಕ್ಕೆ ಬಂದಮೇಲೆ ವಕ್ತಾರನು ಅದನ್ನು ಮಧ್ಯಸ್ಥನಿಗೆ ತಿಳಿಸುತ್ತಾನೆ. ಆಟಗಳ ಇತಿಹಾಸ ಬರೆದವರು ಈ ವಕ್ತಾರನಿಗೆ ತಕ್ಕ ಮನ್ನಣೆ ಕೊಟ್ಟಂತೆ ಕಾಣುವುದಿಲ್ಲ. ಗಣಕಯಂತ್ರದ ತಂಡದಾಟಕ್ಕೆ ಬೀಜ ಈತನಲ್ಲಿದೆಯೆಂದು ನಾವು ಭಾವಿಸುತ್ತೇವೆ. ಮಧ್ಯಸ್ಥನ ಸ್ಥಾನದಲ್ಲಿ ಯಂತ್ರವನ್ನಿಟ್ಟು, ವಕ್ತಾರನೊಬ್ಬನನ್ನು ಉಳಿಸಿಕೊಂಡು, ಉಳಿದ ಐವರು ಗೆಳೆಯರನ್ನು ಮನೆಗೆ ಕಳುಹಿಸಿದರೆ ವಿಜರ್ಡ್ರಿ ಸಿದ್ಧವಾಗುತ್ತದೆ.

ಆದರೆ ಈ ಮೇಜಿಗೂ ಆ್ಯಪಲ್ ಯಂತ್ರಕ್ಕೂ ನಡುವೆ ಒಂದು ಮಧ್ಯಂತರ ಘಟ್ಟವಿದೆ. ಸಾಕ್ಷ್ಯದ ದೃಷ್ಟಿಯಿಂದ ನಮ್ಮ ವಿಷಯದಲ್ಲಿ ಅತ್ಯಂತ ಕ್ಲೇಶಕರವಾದ ಭಾಗ ಇದೇ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೬೦ರಿಂದ ಡೊನಾಲ್ಡ್ ಬಿಟ್ಜರ್ ಮೊದಲಾದವರು ‘ಪ್ಲೇಟೋ’ ಎಂಬ ಬೋಧನಾ ವ್ಯವಸ್ಥೆಯನ್ನು ಕಟ್ಟುತ್ತ ಬಂದಿದ್ದರು. ೧೯೭೦ರ ದಶಕದಲ್ಲಿ ಅದು ದೂರದೂರದ ಕಾಲೇಜುಗಳಿಗೂ ತಂತಿಯ ಮೂಲಕ ಹಬ್ಬಿತು. ಕಿತ್ತಳೆ ಬಣ್ಣದ ಬೆಳಕು ಬೀರುವ ಅದರ ಪರದೆಗಳ ಮುಂದೆ ವಿದ್ಯಾರ್ಥಿಗಳು ಹಗಲು ಗಣಿತ, ರಸಾಯನಶಾಸ್ತ್ರಗಳ ಪಾಠ ಕಲಿತು, ರಾತ್ರಿ ಅದೇ ಯಂತ್ರದಲ್ಲಿ ತಾವೇ ಬರೆದ ಆಟಗಳನ್ನು ಆಡುತ್ತಿದ್ದರು. ೧೯೭೫ರಲ್ಲಿ ರಸ್ಟಿ ರದರ್‌ಫರ್ಡ್ ಎಂಬಾತ ಬರೆದ ಸುರಂಗದಾಟದ ಕಡತದ ಹೆಸರು ‘ಪೆಡಿಟ್ ೫’. ಜನಸಂಖ್ಯೆ ಮತ್ತು ಶಕ್ತಿಸಂಪನ್ಮೂಲಗಳ ಅಧ್ಯಯನಕ್ಕೆಂದು ಮಂಜೂರಾಗಿ ಬಳಕೆಯಾಗದೆ ಉಳಿದಿದ್ದ ಸ್ಥಳದಲ್ಲಿ ಆತ ಆಟವನ್ನು ಇರಿಸಿದ್ದನು. ಪಾಠವಲ್ಲದ ಕಡತವೆಂದು ಗೊತ್ತಾದೊಡನೆ ಮೇಲ್ವಿಚಾರಕರು ಅದನ್ನು ಅಳಿಸಿಹಾಕುತ್ತಿದ್ದರು. ಅದು ಮತ್ತೆ ತಲೆಯೆತ್ತುತ್ತಿತ್ತು. ಅದಕ್ಕೂ ಹಿಂದೆ ಇಂಥದೇ ಒಂದು ಆಟ ಇದ್ದಿತೆಂದು ಆ ಕಾಲದ ಬಳಕೆದಾರರು ಸ್ಮರಿಸುತ್ತಾರೆ. ಅದರ ಕಡತದ ಹೆಸರೊಂದು ಬಿಟ್ಟರೆ ಪ್ರತಿ ಉಳಿದಿಲ್ಲ. ಶಾಸನವು ನಷ್ಟವಾಗಿ ಅದರ ಉಲ್ಲೇಖ ಮಾತ್ರ ಇನ್ನೊಂದು ಶಾಸನದಲ್ಲಿ ಉಳಿದ ಸಂದರ್ಭಗಳನ್ನು ನಾವೆಲ್ಲರೂ ಬಲ್ಲೆವು. ಆದರೆ ಸುಮಾರು ಐವತ್ತು ವರ್ಷಗಳಷ್ಟೇ ಹಿಂದಿನ, ಬರೆದವರ ಸಮಕಾಲೀನರು ಇನ್ನೂ ಬದುಕಿರುವ ಒಂದು ಕೃತಿಗೆ ಈ ಗತಿ ಬಂದಿರುವುದನ್ನು ನೋಡಿದರೆ, ಇಪ್ಪತ್ತನೆಯ ಶತಮಾನದ ಉತ್ತರಾರ್ಧವು ಮುಂದಿನ ಇತಿಹಾಸಕಾರರಿಗೆ ಕತ್ತಲೆಯುಗವಾಗಿ ಕಾಣಬಹುದೆಂಬ ಶಂಕೆ ಅಕಾರಣವಲ್ಲ.

ಪ್ಲೇಟೋ ಯಂತ್ರದ ಮುಖ್ಯ ಗುಣ, ಅನೇಕರು ಒಂದೇ ಕಾಲಕ್ಕೆ ಒಂದೇ ಆಟವನ್ನು ಪ್ರವೇಶಿಸಬಹುದಾಗಿದ್ದುದು. ಅಯೋವ ಸಂಸ್ಥಾನದಲ್ಲಿ ರಚಿತವಾದ ‘ಮೋರಿಯ’, ೧೯೭೭ರಲ್ಲಿ ಜಿಮ್ ಶ್ವೈಗರ್ ಮುಂತಾದವರು ರಚಿಸಿದ ‘ಊಬ್ಲಿಯೆಟ್’, ೧೯೭೯ರ ‘ಅವತಾರ್’ ಇವುಗಳಲ್ಲಿ ತಂಡವೆಂದರೆ ನಿಜವಾದ ಮನುಷ್ಯರ ತಂಡ. ಒಬ್ಬೊಬ್ಬನೂ ಒಂದೊಂದು ಪರದೆಯ ಮುಂದೆ ಕುಳಿತು ತನ್ನ ಸಾಹಸಿಗನನ್ನು ನಡೆಸುವನು. ಒಂಟಿಯಾಗಿ ಹೋದವನು ಬಹುಕಾಲ ಬದುಕಲಾರನು. ಸಂಸ್ಕೃತ ಮೂಲದ ‘ಅವತಾರ್’ ಎಂಬ ಹೆಸರು ಇಲ್ಲಿ ಹೇಗೆ ಬಂದಿತೆಂಬುದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ನಮಗೆ ಪ್ರಸ್ತುತವಾದುದು ‘ಊಬ್ಲಿಯೆಟ್’. ಗೆರೆಗಳಿಂದ ಬಿಡಿಸಿದ ಸುರಂಗವನ್ನು ನಡೆಯುವವನ ಕಣ್ಣಿನಿಂದಲೇ ತೋರಿಸುವ ಕ್ರಮ, ಮೇಲೆ ಒಂದು ಕೋಟೆ ಕೆಳಗೆ ಸುರಂಗ ಎಂಬ ಏರ್ಪಾಡು, ಒಟ್ಟಾಗಿ ಸಾಗುವ ತಂಡ, ಇವೆಲ್ಲವೂ ವಿಜರ್ಡ್ರಿಗಿಂತ ನಾಲ್ಕು ವರ್ಷ ಮುಂಚಿತವಾಗಿಯೇ ಅದರಲ್ಲಿ ಕಾಣುತ್ತವೆ. ವುಡ್‌ಹೆಡ್ ಪ್ಲೇಟೋ ವ್ಯವಸ್ಥೆಯ ಪರಿಚಯವುಳ್ಳವನಾಗಿದ್ದನೆಂಬುದು ಪ್ರಸಿದ್ಧ ಸಂಗತಿ. ಆದುದರಿಂದ ಋಣವಿಲ್ಲವೆಂದು ಹೇಳುವುದು ಸಾಧ್ಯವಿಲ್ಲ.

ಹಾಗಾದರೆ ಋಣಕ್ಕೆ ಮೀರಿದುದು ಏನು? ಮನೆಬಳಕೆಯ ಯಂತ್ರಕ್ಕೆ ತಂತಿಯಿಲ್ಲ, ಜೊತೆಗಾರರಿಲ್ಲ. ಒಂದು ಮೃದುಫಲಕ, ಅದರಲ್ಲಿ ೧೪೦ ಕಿಲೋಬೈಟುಗಳಷ್ಟು ಜಾಗ, ಎದುರಿಗೆ ಒಬ್ಬನೇ ಮನುಷ್ಯ. ಈ ಯಂತ್ರಕ್ಕೆ ಬರೆದ ಮೊದಲಿನ ಸುರಂಗದಾಟಗಳು ಬಹುಮಟ್ಟಿಗೆ ಒಬ್ಬ ವೀರನ ಆಟಗಳು. ೧೯೭೮ರಲ್ಲಿ ರಾಬರ್ಟ್ ಕ್ಲಾರ್ಡಿ ರಚಿಸಿದ ‘ಡಂಜನ್ ಕ್ಯಾಂಪೇನ್’ನಲ್ಲಿ ಗುಂಪೊಂದು ಇದೆಯೆಂಬುದು ನಿಜ, ಆದರೆ ಅದು ಎಣಿಕೆಯ ಗುಂಪು. ಜನ ಸತ್ತರೆ ಸಂಖ್ಯೆ ಇಳಿಯುತ್ತದೆ, ಅಷ್ಟೆ. ಹೆಸರಿಟ್ಟು, ಕುಲ ವೃತ್ತಿಗಳನ್ನು ಆರಿಸಿ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಬೆಳೆಸಬೇಕಾದ ಆರು ಮಂದಿಯನ್ನು ಒಬ್ಬ ಆಟಗಾರನ ಕೈಗೆ ಪೂರ್ಣವಾಗಿ ಒಪ್ಪಿಸಿದ ಖ್ಯಾತಿ ವಿಜರ್ಡ್ರಿಯದು. ಇಲ್ಲಿ ‘ಮೊದಲು’ ಎಂಬ ಪದವನ್ನು ನಾವು ಬೇಕೆಂದೇ ಬಳಸಿಲ್ಲ. ಕಡತಗಳನ್ನು ಅಳಿಸುತ್ತಿದ್ದ ಕಾಲದ ಬಗ್ಗೆ ಆ ಪದವನ್ನು ಪ್ರಯೋಗಿಸುವುದು ಸಾಹಸವಾಗುತ್ತದೆ.

ಸೇನಾಪತಿಯ ಆಟವು ೧೯೭೪ರಲ್ಲಿ ವ್ಯಕ್ತಿಯ ಆಟವಾಗಿತ್ತು. ೧೯೮೧ರಲ್ಲಿ ಅದು ಅರ್ಧದಾರಿ ಹಿಂದಿರುಗಿತು. ಆಟಗಾರನು ಮತ್ತೆ ನಾಯಕ. ಆದರೆ ಆತನ ಸೇನೆಯಲ್ಲಿ ಆರೇ ಜನ. ಆರು ಜನಕ್ಕೂ ಹೆಸರಿದೆ. ಸರದಿಯ ಕಾಳಗವು ಈ ಸ್ಥಿತಿಯ ಅನಿವಾರ್ಯ ಫಲ. ಒಬ್ಬ ಮನುಷ್ಯನು ಒಂದು ಗಳಿಗೆಯಲ್ಲಿ ಆರು ಜನರಾಗಿ ಯೋಚಿಸಲಾರನು. ಆದುದರಿಂದ ಗಳಿಗೆಯೇ ನಿಲ್ಲಬೇಕು. ಯಂತ್ರಗಳು ನಿಧಾನವಾಗಿದ್ದುದರಿಂದ ಸರದಿ ಬಂದಿತೆಂಬ ಮಾತು ಪ್ರಚಾರದಲ್ಲಿದೆ. ಅದೇ ಕಾಲದಲ್ಲಿ, ಅದೇ ಯಂತ್ರದಲ್ಲಿ, ಕೈಚಳಕದ ವೇಗದ ಆಟಗಳು ಬೇಕಾದಷ್ಟಿದ್ದವು. ಆದಕಾರಣ ಆ ಮಾತು ನಿಲ್ಲುವುದಿಲ್ಲ.

ಒಂದು ಸುತ್ತಿನ ಕಾಳಗವನ್ನು ಇಲ್ಲಿ ವಿವರಿಸುವುದು ಅಪ್ರಸ್ತುತವಾಗಲಾರದು. ತಂಡವು ಬಾಗಿಲನ್ನು ಒದ್ದು ತೆರೆದಾಗ ಎದುರಿಗೆ ಯಾವುದೋ ‘ಕುಳ್ಳ ಆಕೃತಿಗಳು’ ಕಾಣುತ್ತವೆ. ಅವು ಏನೆಂಬುದು ತಂಡದವರು ಗುರುತು ಹಿಡಿಯುವವರೆಗೆ ಗೊತ್ತಾಗದು. ಶತ್ರುಗಳು ನಾಲ್ಕು ಗುಂಪುಗಳವರೆಗೆ ಇರಬಹುದು. ಆಟಗಾರನು ಆರು ಜನಕ್ಕೂ ಒಬ್ಬೊಬ್ಬರಂತೆ ಆಜ್ಞೆ ಕೊಡಬೇಕು: ಹೊಡೆ, ತಡೆ, ಮಂತ್ರ ಹಾಕು, ವಸ್ತುವನ್ನು ಬಳಸು, ಓಡು. ಮುಂದಿನ ಸಾಲಿನ ಮೂವರು ಮಾತ್ರ ಆಯುಧದಿಂದ ಹೊಡೆಯಬಲ್ಲರು. ಹಿಂದಿನ ಮೂವರು ಮಂತ್ರವನ್ನೋ ಬೇರಾವುದಾದರೂ ಉಪಾಯವನ್ನೋ ನಂಬಬೇಕು. ಆರು ಆಜ್ಞೆಗಳೂ ಮುಗಿದ ಮೇಲೆ ಒಪ್ಪಿಗೆಯ ಕೀಲಿಯನ್ನು ಒತ್ತಿದರೆ ಅಲ್ಲಿಂದಾಚೆಗೆ ಏನೂ ಕೈಯಲ್ಲಿಲ್ಲ. ಚುರುಕಾದವರು ಮುಂಚೆ, ಮಂದರಾದವರು ತಡವಾಗಿ, ಇತ್ತಂಡದವರ ಕ್ರಿಯೆಗಳೂ ಬೆರೆತು ನಡೆದುಹೋಗುತ್ತವೆ. ಗುಣಪಡಿಸಬೇಕೆಂದು ಅರ್ಚಕನಿಗೆ ಹೇಳಿದ್ದೆವು. ಆತನ ಸರದಿ ಬರುವಷ್ಟರಲ್ಲಿ ಗಾಯಾಳು ಸತ್ತಿರಬಹುದು. ಯೋಚಿಸಲು ಎಷ್ಟಾದರೂ ಕಾಲವುಂಟು, ಯೋಚಿಸಿದ್ದನ್ನು ಬದಲಿಸಲು ಒಂದು ಕ್ಷಣವೂ ಇಲ್ಲ. ಈ ಆಟದ ರಸವೆಲ್ಲ ಇಲ್ಲಿದೆ.

ಮಂತ್ರಗಳ ಹೆಸರುಗಳು ಭಾಷಾಭ್ಯಾಸಿಗಳಿಗೆ ಕುತೂಹಲಕರವಾಗಿವೆ. ಅವು ಯಾವ ಭಾಷೆಗೂ ಸೇರದ ಶಬ್ದಗಳು. ಆದರೂ ಅವಕ್ಕೆ ಒಂದು ವ್ಯಾಕರಣವಿದೆ. ‘ಹಾಲಿಟೋ’ ಎಂದರೆ ಸಣ್ಣ ಬೆಂಕಿ, ‘ಮಾಹಾಲಿಟೋ’ ಎಂದರೆ ದೊಡ್ಡ ಬೆಂಕಿ. ಶತ್ರುಗಳನ್ನು ನಿದ್ದೆಗೆಡಹುವ ‘ಕಟೀನೋ’ ಎಂದರೆ ಕೆಟ್ಟ ಗಾಳಿ. ‘ಮಾ’ ಎಂಬ ಉಪಸರ್ಗವನ್ನು ಕಂಡು ನಮ್ಮ ‘ಮಹಾ’ ನೆನಪಿಗೆ ಬಂದರೆ ಬರಲಿ, ಸಂಬಂಧ ಕಲ್ಪಿಸುವುದು ಬೇಡ. ಆಟಗಾರನು ಈ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಕೀಲಿಮಣೆಯಲ್ಲಿ ಒತ್ತಬೇಕಾಗಿದ್ದಿತು. ಪೆಟ್ಟಿಗೆಯೊಡನೆ ಬಂದ ಕೈಪಿಡಿಯಿಲ್ಲದವನಿಗೆ ಮಂತ್ರವೇ ಇಲ್ಲ. ಕಳ್ಳಪ್ರತಿ ಮಾಡಿಕೊಂಡವನು ಇದರಿಂದ ಸ್ವಲ್ಪವಾದರೂ ತೊಂದರೆಪಟ್ಟಿರಬೇಕು.

ಮರಣದ ವಿಷಯದಲ್ಲಿ ವಿಜರ್ಡ್ರಿಯ ನಿಯಮಗಳು ಕಠೋರವಾಗಿವೆ. ಸತ್ತವನನ್ನು ಕೋಟೆಯ ದೇವಾಲಯಕ್ಕೆ ಒಯ್ದು, ಹಣ ತೆತ್ತು, ಬದುಕಿಸುವಂತೆ ಕೇಳಬಹುದು. ಪ್ರಯತ್ನ ವಿಫಲವಾದರೆ ದೇಹವು ಬೂದಿಯಾಗುತ್ತದೆ. ಬೂದಿಯಿಂದ ಎಬ್ಬಿಸುವ ಪ್ರಯತ್ನವೂ ವಿಫಲವಾದರೆ ಆತನ ಹೆಸರೇ ಅಳಿದುಹೋಗುತ್ತದೆ. ನಡೆದುದೆಲ್ಲವೂ ಒಡನೊಡನೆಯೇ ಫಲಕದ ಮೇಲೆ ದಾಖಲಾಗುವುದರಿಂದ ಹಿಂದಿನ ಸ್ಥಿತಿಗೆ ಮರಳುವ ದಾರಿಯಿಲ್ಲ. ಇಡೀ ತಂಡವೇ ಸುರಂಗದಲ್ಲಿ ಮಡಿದರೆ ಹೆಣಗಳು ಅಲ್ಲಿಯೇ ಬಿದ್ದಿರುತ್ತವೆ. ಹೊಸದೊಂದು ತಂಡವನ್ನು ಕಟ್ಟಿ, ಅದನ್ನು ಬಲಗೊಳಿಸಿ, ಹಳಬರನ್ನು ಹುಡುಕಿ ತರಬೇಕು. ತಂಡದಲ್ಲಿ ಆರಕ್ಕಿಂತ ಹೆಚ್ಚು ಜನಕ್ಕೆ ಸ್ಥಳವಿಲ್ಲವಾದುದರಿಂದ, ಇಬ್ಬರ ಹೆಣ ತರಬೇಕಾದರೆ ನಾಲ್ವರೇ ಇಳಿಯಬೇಕು. ಮೂವರದನ್ನು ತರಬೇಕಾದರೆ ಮೂವರೇ. ಹೆಚ್ಚು ಜನರನ್ನು ಉಳಿಸಬೇಕೆಂದರೆ ಕಡಿಮೆ ಬಲದಿಂದ ಹೋಗಬೇಕು. ಇಂಥ ಲೆಕ್ಕವನ್ನು ಮಾಡುತ್ತ ಕುಳಿತವನಿಗೆ ಪರದೆಯ ಮೇಲಿನ ಆರು ಹೆಸರುಗಳು ಬರಿಯ ಅಕ್ಷರಗಳಾಗಿ ಉಳಿಯುವುದಿಲ್ಲ. ಮೇಜಿನಿಂದ ಎದ್ದುಹೋದ ಐವರು ಗೆಳೆಯರ ಜಾಗವನ್ನು ಈ ಕಾಳಜಿಯು ತಕ್ಕಮಟ್ಟಿಗೆ ತುಂಬಿತೆಂದು ನಮಗೆ ತೋರುತ್ತದೆ. ಆದರೆ ವಾದವನ್ನು ತುಂಬಲಿಲ್ಲ. ಐವರು ಬೇಡವೆಂದರೂ ಬಾಗಿಲು ತೆರೆಯುವ ಆರನೆಯವನು, ಹಂಚಿಕೆಯಲ್ಲಿ ಮೋಸವಾಯಿತೆಂದು ಮುನಿಯುವ ಕಳ್ಳ, ಇವರು ಈ ಆಟದಲ್ಲಿಲ್ಲ. ಆರೂ ಮಂದಿ ಒಂದೇ ಮನಸ್ಸಿನವರು. ಗಳಿಸಿದುದರ ಪಕ್ಕದಲ್ಲಿ ಈ ನಷ್ಟವನ್ನೂ ಬರೆದಿಡುವುದು ನ್ಯಾಯ.

ವಿಜರ್ಡ್ರಿಯ ಪ್ರಭಾವವು ಬೇಗನೆ ಹಬ್ಬಿತು. ಅದುವರೆಗೆ ಒಬ್ಬ ವೀರನನ್ನೇ ನಡೆಸುತ್ತಿದ್ದ ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮ’ ಮಾಲೆಯು ೧೯೮೩ರ ಮೂರನೆಯ ಆಟದಲ್ಲಿ ನಾಲ್ವರ ತಂಡವನ್ನು ಅಂಗೀಕರಿಸಿತು. ೧೯೮೫ರ ‘ಬಾರ್ಡ್ಸ್ ಟೇಲ್’, ೧೯೮೬ರ ‘ಮೈಟ್ ಅಂಡ್ ಮ್ಯಾಜಿಕ್’ ಅದೇ ಜಾಡಿನಲ್ಲಿ ನಡೆದವು. ೧೯೮೮ರ ‘ಪೂಲ್ ಆಫ್ ರೇಡಿಯನ್ಸ್’ನಲ್ಲಿ ಕಾಳಗದ ವೇಳೆಗೆ ತಂಡವು ಚೌಕಮನೆಗಳ ರಣಭೂಮಿಗೆ ಇಳಿಯುತ್ತದೆ, ಅಲ್ಲಿ ಹೆಲ್ವಿಗ್‌ನ ಮಣೆ ಎರಡು ಶತಮಾನಗಳ ತರುವಾಯ ಮತ್ತೆ ಕಾಣಿಸಿಕೊಂಡಿತೆನ್ನಬಹುದು.

ಇದಕ್ಕಿಂತ ಹೆಚ್ಚಿನ ಸ್ವಾರಸ್ಯವಿರುವುದು ಜಪಾನಿನ ಅಧ್ಯಾಯದಲ್ಲಿ. ಹಾಲೆಂಡಿನಲ್ಲಿ ಹುಟ್ಟಿ, ಹವಾಯಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿ, ಜಪಾನಿಗೆ ಹೋಗಿ ನೆಲೆಸಿದ ಹೆಂಕ್ ರೋಜರ್ಸ್ ೧೯೮೪ರಲ್ಲಿ ‘ಬ್ಲ್ಯಾಕ್ ಆನಿಕ್ಸ್’ ಎಂಬ ತಂಡದಾಟವನ್ನು ಅಲ್ಲಿನ ಜನರಿಗೆ ಪರಿಚಯಿಸಿದನು. ೧೯೮೫ರಲ್ಲಿ ಆಸ್ಕಿ ಎಂಬ ಸಂಸ್ಥೆ ವಿಜರ್ಡ್ರಿಯನ್ನೇ ಅಲ್ಲಿನ ಗಣಕಯಂತ್ರಗಳಿಗೆ ತಂದಿತು. ೧೯೮೭ರಲ್ಲಿ ಅದು ಮನೆಮನೆಯ ಆಟದ ಯಂತ್ರವಾದ ಫ್ಯಾಮಿಕಾಮಿಗೂ ಬಂದಿತು. ಮೂಲದಲ್ಲಿ ವಿಜರ್ಡ್ರಿಯು ಹಾಸ್ಯಪ್ರವೃತ್ತಿಯ ಕೃತಿ. ಸುರಂಗದ ತಳದಲ್ಲಿರುವ ದುಷ್ಟ ಮಾಂತ್ರಿಕ ‘ವೆರ್ಡ್ನ’ನ ಹೆಸರು ಆಂಡ್ರ್ಯೂ ಎಂಬುದರ ಅಕ್ಷರಗಳನ್ನು ಹಿಂದುಮುಂದಾಗಿಸಿದ್ದು, ಹುಚ್ಚು ದೊರೆ ‘ಟ್ರೆಬೋರ್’ ರಾಬರ್ಟನೇ ಸರಿ. ಅದರಲ್ಲಿ ದೊರಕುವ ಶ್ರೇಷ್ಠ ಖಡ್ಗಗಳಲ್ಲೊಂದರ ಹೆಸರು ‘ಕ್ವಿಸಿನಾರ್ಟ್’ ಎಂಬ, ತರಕಾರಿ ಹೆಚ್ಚುವ ವಿದ್ಯುದ್ಯಂತ್ರದ ಹೆಸರಿನಿಂದ ಬಂದದ್ದು. ಅಮೆರಿಕದ ಗೃಹಿಣಿಯೂ ನಗುತ್ತಿದ್ದ ಈ ಹಾಸ್ಯವು ಸಮುದ್ರ ದಾಟುವಾಗ ಕಳಚಿಬಿದ್ದಿತು. ಜಪಾನಿನ ಆಟಗಾರರು ಅದನ್ನು ‘ಕಶಿನಾಟೋ’ ಎಂಬ ಮಹಾಶಿಲ್ಪಿಯೊಬ್ಬನು ಹದಗೊಳಿಸಿದ ಕತ್ತಿಯೆಂದು ಭಾವಿಸಿದರು. ಆ ಭಾವನೆಯಲ್ಲಿಯೇ ಅದು ಪ್ರಸಿದ್ಧವಾಯಿತು. ಕಮ್ಮಾರರ ಹೆಸರಿನಿಂದಲೇ ಕತ್ತಿಗಳನ್ನು ಗುರುತಿಸುವ ನಾಡಿನಲ್ಲಿ ಇದಕ್ಕಿಂತ ಸಹಜವಾದ ಅರ್ಥ ಬೇರೊಂದಿರಲಿಲ್ಲ. ಮುರಮಸ ಎಂಬ ಜಪಾನಿನ ನಿಜವಾದ ಕಮ್ಮಾರನ ಕತ್ತಿಯೂ ಅದೇ ಆಟದಲ್ಲಿದ್ದುದು ಈ ಗ್ರಹಿಕೆಗೆ ಬೆಂಬಲವಾಗಿದ್ದಿರಬೇಕು.

ಇದನ್ನು ಅನುವಾದದ ಪ್ರಮಾದವೆಂದು ಹೇಳಿ ನಗುವವರುಂಟು. ನಮ್ಮ ಅಭಿಪ್ರಾಯ ಬೇರೆ. ಲಿಪಿಕಾರನ ಅನ್ಯಥಾಗ್ರಹಣದಿಂದ ಹುಟ್ಟಿದ ಪಾಠವು ಕೆಲವೊಮ್ಮೆ ಮೂಲಕ್ಕಿಂತ ಅರ್ಥಪುಷ್ಟಿಯುಳ್ಳದ್ದಾಗಿ, ಒಂದು ಪರಂಪರೆಯನ್ನೇ ಬೆಳೆಸುವುದನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು. ಇಲ್ಲಿಯೂ ಹಾಗೆಯೇ ಆಯಿತು. ನಗೆಯನ್ನು ಕಳೆದುಕೊಂಡ ವಿಜರ್ಡ್ರಿಯು ಜಪಾನಿನಲ್ಲಿ ಗಂಭೀರವೂ ವಿಷಾದಪೂರ್ಣವೂ ಆದ ಲೋಕವಾಗಿ ಮೈದಾಳಿತು. ಫ್ಯಾಮಿಕಾಮ್ ಆವೃತ್ತಿಗೆ ಜುನ್ ಸುಎಮಿ ರಾಕ್ಷಸರ ಚಿತ್ರಗಳನ್ನು ಬರೆದನು. ಕೆಂತರೊ ಹನೆದ ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯ ಸಂಗೀತವನ್ನು ರಚಿಸಿದನು. ೧೯೮೮ರಲ್ಲಿ ಬೆನ್ನಿ ಮತ್ಸುಯಾಮ ಎಂಬ ಲೇಖಕನು ಈ ಲೋಕವನ್ನು ಆಧರಿಸಿ ಕಾದಂಬರಿಯನ್ನೇ ಬರೆದನು. ಬೂದಿಯಾಗುವ ಸಾಹಸಿಗರ ಕಥೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳು ಕಾಣದಿದ್ದುದೇನನ್ನೋ ಜಪಾನೀಯರು ಕಂಡರು.

ಮುಂದಿನ ಸಂಗತಿ ಸುಪರಿಚಿತವಾದುದು. ಯೂಜಿ ಹೊರಿಯ ‘ಡ್ರ್ಯಾಗನ್ ಕ್ವೆಸ್ಟ್’ ೧೯೮೬ರಲ್ಲಿ ಒಬ್ಬ ವೀರನೊಡನೆ ಆರಂಭವಾಗಿ, ೧೯೮೭ರ ಎರಡನೆಯ ಆಟದಲ್ಲಿ ಮೂವರಾಗಿ, ೧೯೮೮ರ ಮೂರನೆಯ ಆಟದಲ್ಲಿ ಪಾನಗೃಹಕ್ಕೆ ಹೋಗಿ ಜೊತೆಗಾರರನ್ನು ಆರಿಸಿ ತಂಡ ಕಟ್ಟುವ ಕ್ರಮಕ್ಕೆ ಬಂದಿತು. ಜನರಿಗೆ ಕಷ್ಟವಾಗದಿರಲೆಂದು ಆತನು ಒಂದೊಂದೇ ಮೆಟ್ಟಿಲನ್ನು ಹತ್ತಿಸಿದ ಪರಿ ಅಧ್ಯಾಪಕರಾದವರು ಮೆಚ್ಚತಕ್ಕದ್ದು. ತಂಡವನ್ನು ಕಟ್ಟುವ ಆ ಪಾನಗೃಹವು ವಿಜರ್ಡ್ರಿಯ ‘ಗಿಲ್ಗಮೇಶನ ಪಾನಗೃಹ’ದ ನೇರ ಸಂತತಿ. ೧೯೮೭ರ ಡಿಸೆಂಬರಿನಲ್ಲಿ ಹಿರೊನೊಬು ಸಕಗುಚಿಯ ‘ಫೈನಲ್ ಫ್ಯಾಂಟಸಿ’ ನಾಲ್ವರ ತಂಡದೊಡನೆ ಹೊರಟಿತು. ಇಂದು ಲೋಕದ ಯಾವುದೇ ಮೂಲೆಯ ತರುಣರು ಸರದಿಯ ತಂಡದಾಟವೆಂದೊಡನೆ ನೆನೆಯುವುದು ಬಹುಶಃ ಈ ಜಪಾನೀ ಶಾಖೆಯನ್ನೇ.

ಹುಟ್ಟಿದ ನಾಡಿನಲ್ಲಿ ಈ ಆಟದ ಗತಿ ಬೇರೆಯಾಯಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ, ಕಾಲ ನಿಲ್ಲುವ ಆಟಗಳು ಹಳತೆಂಬ ಭಾವನೆ ಅಮೆರಿಕದ ಪ್ರಕಾಶಕರಲ್ಲಿ ಬಲವಾಯಿತು. ೧೯೯೮ರ ‘ಬಾಲ್ಡರ್ಸ್ ಗೇಟ್’ನಲ್ಲಿ ತಂಡ ಉಳಿಯಿತು, ಸರದಿ ಹೋಯಿತು, ಕಾಳಗ ತಾನೇ ಸಾಗುತ್ತಿರುವಾಗ ಬೇಕೆಂದಲ್ಲಿ ತಡೆಹಿಡಿಯುವ ಏರ್ಪಾಡು ಬಂದಿತು. ೨೦೦೧ರಲ್ಲಿ ಹೊರಬಂದ ಎಂಟನೆಯ ವಿಜರ್ಡ್ರಿಯೇ ಸರ್‌ಟೆಕ್ ಮನೆತನದ ಕೊನೆಯ ವಿಜರ್ಡ್ರಿ. ಆದರೆ ಜಪಾನಿನಲ್ಲಿ ಅದೇ ಹೆಸರಿನಲ್ಲಿ ಹೊಸ ಹೊಸ ಸುರಂಗಗಳು ರಚಿತವಾಗುತ್ತಲೇ ಇದ್ದವು. ೨೦೨೪ರಲ್ಲಿ ಡ್ರೆಕಾಮ್ ಎಂಬ ಜಪಾನೀ ಸಂಸ್ಥೆ ಕೈಫೋನಿನಲ್ಲಿ ಆಡುವ ವಿಜರ್ಡ್ರಿಯನ್ನು ಹೊರತಂದಿತು. ತಾಯ್ನೆಲದಲ್ಲಿ ಲುಪ್ತವಾದ ಗ್ರಂಥವು ಪರದೇಶದ ಭಾಷಾಂತರದಲ್ಲಿ ಉಳಿದುಕೊಂಡ ನಿದರ್ಶನಗಳು ಬೌದ್ಧ ಸಾಹಿತ್ಯದ ಅಭ್ಯಾಸಿಗಳಿಗೆ ಹೊಸತಲ್ಲ. ಪಶ್ಚಿಮದಲ್ಲಿಯೂ ಸರದಿ ಮತ್ತೆ ಮರಳಿದೆ: ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಮೂರನೆಯ ‘ಬಾಲ್ಡರ್ಸ್ ಗೇಟ್’ ನಾಲ್ವರ ತಂಡದ, ಶುದ್ಧ ಸರದಿಯ ಆಟ. ಮತ್ತೂ ವಿಶೇಷವೆಂದರೆ, ಬಯಸಿದಲ್ಲಿ ನಾಲ್ವರು ಗೆಳೆಯರು ಆ ನಾಲ್ಕು ಪಾತ್ರಗಳನ್ನು ಹಂಚಿಕೊಂಡು ಆಡಬಹುದು. ೧೯೮೧ರಲ್ಲಿ ಮನೆಗೆ ಕಳುಹಿಸಲ್ಪಟ್ಟವರಲ್ಲಿ ಮೂವರಿಗಾದರೂ ಹೀಗೆ ಪೀಠ ದೊರೆಯಿತು.

ಇನ್ನು ಆಕರಗಳ ಪ್ರಶ್ನೆ. ಪ್ಲೇಟೋ ವ್ಯವಸ್ಥೆಯ ಹಳೆಯ ಅಭಿಮಾನಿಗಳು ‘ಸೈಬರ್ ೧’ ಎಂಬ ಹೆಸರಿನಲ್ಲಿ ಅದನ್ನು ಪುನರುಜ್ಜೀವನಗೊಳಿಸಿದ್ದು, ‘ಊಬ್ಲಿಯೆಟ್’, ‘ಅವತಾರ್’ ಮೊದಲಾದವನ್ನು ಅಲ್ಲಿ ಇಂದಿಗೂ ಆಡಬಹುದಾಗಿದೆ. ವಿಜರ್ಡ್ರಿಯ ಮಟ್ಟಿಗೆ ಇದಕ್ಕಿಂತ ಗಮನಾರ್ಹವಾದ ಕಾರ್ಯವೊಂದು ನಡೆದಿದೆ. ಡಿಜಿಟಲ್ ಎಕ್ಲಿಪ್ಸ್ ಎಂಬ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಮೊದಲನೆಯ ವಿಜರ್ಡ್ರಿಯ ನವೀನ ಆವೃತ್ತಿಯನ್ನು ಪೂರ್ಣರೂಪದಲ್ಲಿ ಪ್ರಕಟಿಸಿತು. ಬಣ್ಣದ ಚಿತ್ರ, ಸಂಗೀತಗಳೆಲ್ಲ ಹೊಸತಾದರೂ ತಳದಲ್ಲಿ ನಡೆಯುತ್ತಿರುವುದು ೧೯೮೧ರ ಮೂಲ ಕ್ರಮವಿಧಿಯೇ. ಆಟಗಾರನು ಬಯಸಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಆ್ಯಪಲ್ ಯಂತ್ರದ ಅಂದಿನ ಪರದೆಯನ್ನು, ಅದರ ಬರಿಯ ಗೆರೆಗಳನ್ನೂ ಅಕ್ಷರಗಳನ್ನೂ, ಇಂದಿನ ಚಿತ್ರದ ಒಂದು ಮೂಲೆಯಲ್ಲಿ ನೋಡಬಹುದು. ಮೂಲಪಾಠ ಕೆಳಗೆ, ವ್ಯಾಖ್ಯಾನ ಮೇಲೆ. ಪ್ರಾಚೀನ ಗ್ರಂಥಗಳನ್ನು ಸಂಪಾದಿಸುವವರು ಕೂಡ ಇಷ್ಟು ನಿಷ್ಠೆಯನ್ನು ಯಾವಾಗಲೂ ತೋರಿಲ್ಲ. ಆ ಪ್ರಕಟನೆಯಾದ ಮೂರು ತಿಂಗಳಿಗೆ, ೨೦೨೪ರ ಆಗಸ್ಟಿನಲ್ಲಿ, ಆಂಡ್ರ್ಯೂ ಗ್ರೀನ್‌ಬರ್ಗ್ ತೀರಿಕೊಂಡನು. ಆತನ ಹೆಸರನ್ನು ತಿರುಗುಮುರುಗಾಗಿ ಹೊತ್ತ ಮಾಂತ್ರಿಕನು ಹತ್ತನೆಯ ನೆಲೆಯಲ್ಲಿ, ಇಪ್ಪತ್ತು ಮನೆ ಉದ್ದ ಇಪ್ಪತ್ತು ಮನೆ ಅಗಲದ ಅದೇ ಸುರಂಗದ ಕೊನೆಯಲ್ಲಿ, ಮೊದಲಿನಂತೆಯೇ ತಾಯಿತವನ್ನು ಕಾಯುತ್ತ ಕುಳಿತಿದ್ದಾನೆ.